ಎರಡು ನೀಲಿ ಬಳೆ, ಒಳಗೆ ಖಾಲಿ

"ಕೆಳಗಿಡಮ್ಮ ಅದನ್ನ! ಕೈ ಜಾರಿ ಒಡೆದ್ರೆ?"

ಸಿದ್ದಬಸಪ್ಪ ಸೋಫಾದಿಂದ ಅರ್ಧ ಎದ್ದಿದ್ದರು. ನಾನು ಕೆಳಗಿಡಲಿಲ್ಲ. ಅವರ ಕಣ್ಣೆದುರಿಗೇ ಆ ಪಿಂಗಾಣಿ ಬೋಗುಣಿಯನ್ನು ಬೋರಲು ಮಾಡಿ, ತಳವನ್ನು ಕಿಟಕಿಯ ಬೆಳಕಿಗೆ ಹಿಡಿದೆ.

"ಇದು ನಕಲಿ ಅಂತ ನೀವೇ ಅಲ್ವಾ ಸ್ಟೇಷನ್‌ಗೆ ಬರೆದುಕೊಟ್ಟಿರೋದು? ನಕಲಿ ಒಡೆದ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನೋಡಿ ಮೇಡಂ, ಹೆಂಗೆ ಮಾತಾಡ್ತಾಳೆ ನೋಡಿ!"

ಸಬ್ ಇನ್ಸ್‌ಪೆಕ್ಟರ್ ಹೇಮಲತಾ ಕೈಗಡಿಯಾರ ನೋಡಿಕೊಂಡರು. "ಧನುಶ್ರೀ, ನಿಮಗೆ ಎರಡು ಗಂಟೆವರೆಗೆ ಟೈಮ್ ಕೊಟ್ಟಿದ್ದೀನಿ. ಆಮೇಲೆ ನಿಮ್ಮ ತಾಯೀನ ನಾನು ಕರ್ಕೊಂಡು ಹೋಗ್ಲೇಬೇಕು. ಜಗಳ ಆಡ್ತೀರೋ, ಬೋಗುಣಿ ನೋಡ್ತೀರೋ?"

ಎರಡನ್ನೂ ಒಟ್ಟಿಗೆ ಮಾಡಬಲ್ಲೆ ಎಂದು ಅವರಿಗೆ ಹೇಳಲಿಲ್ಲ.

ವಿಷಯ ಇಷ್ಟೇ. ಅರಸೀಕೆರೆಯ ಈ ಕೊಬ್ಬರಿ ಮಂಡಿ ಸಾಹುಕಾರರ ಹಿತ್ತಿಲಲ್ಲಿ ನನ್ನ ಅವ್ವ ಲಕ್ಕಮ್ಮ ಇಪ್ಪತ್ತೆರಡು ವರ್ಷ ಪಾತ್ರೆ ತೊಳೆದಿದ್ದಾಳೆ. ಈ ಮನೆಯ ಮುನ್ನೂರು ವರ್ಷ ಹಳೆಯ ಚೀನೀ ಬೋಗುಣಿಯನ್ನು ಕದ್ದು ಅದರ ಜಾಗದಲ್ಲಿ ನಕಲಿ ಇಟ್ಟವಳು ಅವಳಂತೆ. ಆ ನಕಲಿಯನ್ನು ಒದಗಿಸಿದವಳು ಮೈಸೂರಿನ ಸಂಗ್ರಹಾಲಯದಲ್ಲಿ ಪಿಂಗಾಣಿ ಪರೀಕ್ಷೆ ಮಾಡುವ ಮಗಳಂತೆ. ಆ ಮಗಳು ನಾನು.

ಅವ್ವ ಹೊಸ್ತಿಲಾಚೆ ಜಗಲಿಯ ಮೇಲೆ ಕೂತಿದ್ದಳು. ಹೇಮಲತಾ ಎರಡು ಸಲ ಒಳಗೆ ಕರೆದಿದ್ದರು. "ಇಲ್ಲೇ ಆಯ್ತದೆ ಬುಡಿ" ಎಂದಿದ್ದಳು. ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿದಿತ್ತು. ನನಗೆ ಕೋಪ ಬೇಗ ಬರುತ್ತದೆ, ಹೋಗುವುದು ನಿಧಾನ. ಮೇಲೆ ಕೂತವರಿಗೆ ಬೈಯುವಷ್ಟೇ ಸಲೀಸಾಗಿ ಕೆಳಗೆ ಕೂತ ಅವ್ವನಿಗೂ ಬೈಯುತ್ತೇನೆ. ಈ ಮನೆಯ ಕೆಲಸ ಬಿಡು ಎಂದು ಎಷ್ಟು ಸಲ ಅಂಗಲಾಚಿದ್ದೇನೋ ಲೆಕ್ಕವಿಲ್ಲ.

ಬೋಗುಣಿಯ ಹೊರಮೈಯಲ್ಲಿ ನೀಲಿ ಬಳ್ಳಿ, ಬಳ್ಳಿಯ ನಡುವೆ ಕಮಲ. ತಳದಲ್ಲಿ ಒಂದರೊಳಗೊಂದು ಎರಡು ನೀಲಿ ಉಂಗುರ. ಅದರೊಳಗೆ ಎರಡು ಸಾಲಿನಲ್ಲಿ ಆರು ಚೀನೀ ಅಕ್ಷರ. ಮೇಲಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓದಿದರೆ, ಮಹಾ ಚಿಂಗ್ ವಂಶದ ಕಾಂಗ್‌ಶಿ ದೊರೆಯ ಕಾಲದಲ್ಲಿ ಮಾಡಿದ್ದು ಎಂದರ್ಥ.

ಆ ದೊರೆ ಸತ್ತು ಮುನ್ನೂರು ವರ್ಷ ದಾಟಿತು. ಅವನ ಹೆಸರನ್ನು ಬೋಗುಣಿಯ ತಳಕ್ಕೆ ಬರೆಯುವವರು ಮಾತ್ರ ಇವತ್ತಿಗೂ ಇದ್ದಾರೆ. ತಳದ ಮುದ್ರೆ ನೋಡಿ ಕಾಲ ಹೇಳುವುದೂ ಒಂದೇ, ಹಣೆಯ ವಿಭೂತಿ ನೋಡಿ ಗುಣ ಹೇಳುವುದೂ ಒಂದೇ.

ನಾನು ಅಕ್ಷರ ಬಿಟ್ಟು ಪಾದ ನೋಡಿದೆ. ಪಾದವೆಂದರೆ ಬೋಗುಣಿ ನೆಲಕ್ಕೆ ಊರುವ ದುಂಡನೆಯ ಅಂಚು. ಅಲ್ಲಿ ಗಾಜಿನ ಮೆರುಗು ಇರುವುದಿಲ್ಲ, ಬರೀ ಸುಟ್ಟ ಮಣ್ಣು. ಕಾಂಗ್‌ಶಿ ಕಾಲದ ಒಳ್ಳೆಯ ಬೋಗುಣಿಯ ಪಾದ ಬೆರಳಿಗೆ ನುಣ್ಣಗೆ ಸಿಗುತ್ತದೆ. ಮೆರುಗು ಮುಗಿಯುವ ಕಡೆ ಬೆಲ್ಲದ ಬಣ್ಣದ ಸಣ್ಣ ಗೆರೆ ಕಾಣುತ್ತದೆ. ಇದರ ಪಾದ ಸುಣ್ಣದ ಹಾಗೆ ಬೆಳ್ಳಗಿತ್ತು, ಉಗುರಿಗೆ ಒರಟಾಗಿ ಸಿಕ್ಕಿತು.

ಭೂತಗನ್ನಡಿ ಹಿಡಿದು ಒಳಮೈ ನೋಡಿದೆ. ಗೀರುಗಳಿದ್ದವು, ಎಲ್ಲವೂ ಒಂದೇ ದಿಕ್ಕಿಗೆ. ವರ್ಷಾನುಗಟ್ಟಲೆ ಉಂಡು ತೊಳೆದ ಪಾತ್ರೆಯಲ್ಲಿ ಗೀರು ಹಾಗೆ ಸಾಲಾಗಿ ನಿಲ್ಲುವುದಿಲ್ಲ, ದಿಕ್ಕಾಪಾಲಾಗಿ ಓಡುತ್ತದೆ.

"ಉಜ್ಜುಕಾಗದದಲ್ಲಿ ಉಜ್ಜಿದ್ದಾರೆ," ಎಂದೆ. "ಹೊಸ ಮಾಲು. ಹಳೇದಾಗಿ ಕಾಣ್ಲಿ ಅಂತ ಮಾಡಿರೋದು."

"ನಾವೂ ಅದನ್ನೇ ಅಲ್ವೇನಮ್ಮ ಬಡ್ಕೊಳ್ತಿರೋದು!" ಸಿದ್ದಬಸಪ್ಪ ತೊಡೆ ತಟ್ಟಿದರು. "ಕೊಂಡ್ಕೊಳ್ಳೋಕೆ ಅಂತ ಚೆನ್ನೈಯಿಂದ ಬಂದಿದ್ದೋನು ಕೈಯಲ್ಲಿ ಹಿಡಿದ ಒಂದೇ ನಿಮಿಷಕ್ಕೆ ಇದು ಡೂಪ್ಲಿಕೇಟು ಅಂತ ಎದ್ದು ಹೋದ. ಮಂಡಿಯವರ ಮುಂದೆ ನನ್ನ ಮಾನ ಹೋಯ್ತು. ಅಸಲಿ ಎಲ್ಲಿ? ಅದನ್ನ ಹೇಳು."

"ಅಸಲಿಯ ತಳದಲ್ಲೂ ಇದೇ ಆರು ಅಕ್ಷರ ಇದ್ದವು ಅಂತ ದೂರಿನಲ್ಲಿ ಬರೆದಿದ್ದೀರಿ. ನೀವು ನೋಡಿದ್ರಾ?"

"ನಮ್ಮ ಮನೆ ಸಾಮಾನು ನಾನು ನೋಡ್ದೆ ಇರ್ತೀನಾ?"

"ತಿರುಗಿಸಿ ನೋಡಿದ್ರಾ? ಕೈಯಲ್ಲಿ ಹಿಡಿದು?"

ಸಿದ್ದಬಸಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು.

"ಇವರು ಹೇಳಲ್ಲ ಮೇಡಂ, ನಾನೇ ಹೇಳ್ತೀನಿ." ಹೇಮಲತಾ ಕಡೆ ತಿರುಗಿದೆ. "ಇವರ ಅಜ್ಜ ಅರೇಹಳ್ಳಿ ಕಡೆ ಯಾವುದೋ ಎಸ್ಟೇಟ್ ಬಂಗಲೆ ಹರಾಜಿನಲ್ಲಿ ಒಂದು ಪೆಟ್ಟಿಗೆ ಪಿಂಗಾಣಿ ತಂದಿದ್ರಂತೆ. ಪಿಂಗಾಣಿ ಮೈಲಿಗೆ, ಒಳಗೆ ತರಕೂಡ್ದು ಅಂತ ಮನೆಯ ಹೆಂಗಸರು ಹಿತ್ತಿಲಿಗೆ ಹಾಕಿಸಿದ್ರು. ಮಿಕ್ಕಿದ್ದೆಲ್ಲ ಒಡೆದು ಹೋಗಿ ಆ ಅಸಲಿ ಬೋಗುಣಿ ಒಂದೇ ಉಳೀತು. ಹಿತ್ತಿಲ ಗೋಡೆಯ ಗೂಡಿನಲ್ಲಿ ಇಟ್ರು. ಯಾರಿಗೆ ಗೊತ್ತಾ?"

"ಯಾರಿಗೆ?"

"ನಮ್ಮ ಅವ್ವನಿಗೆ. ಅವಳು ಉಣ್ಣೋದಕ್ಕೆ. ಇವರು ಮೇಲಿಂದ ಸುರೀತಿದ್ರು, ಅವಳು ಕೆಳಗೆ ಹಿಡೀತಿದ್ಲು. ಉಂಡು, ತೊಳೆದು, ತಾನೇ ಗೂಡಿಗೆ ಬೋರಲು ಹಾಕ್ತಿದ್ಲು. ಈ ಮನೆಯವರು ಯಾರೂ ಅದನ್ನ ಮುಟ್ಟೋ ಹಾಗಿರ್ಲಿಲ್ಲ."

ಹೇಮಲತಾ ಬರೆಯುವುದನ್ನು ನಿಲ್ಲಿಸಿದರು. "ಈಗ್ಲೂ?"

"ಕಾಲ ಬದಲಾಗೋದು ಮುಂಬಾಗಿಲಲ್ಲಿ ಮೇಡಂ. ಹಿತ್ತಿಲಿಗೆ ಬರೋಕೆ ತಡ ಆಗುತ್ತೆ."

"ಅದೆಲ್ಲ ನಮ್ಮ ಅಮ್ಮನ ಶಾಸ್ತ್ರ ಮೇಡಂ," ಸಿದ್ದಬಸಪ್ಪ ತಡವರಿಸಿದರು. "ಎಂಬತ್ತು ದಾಟಿದೋರು. ಅವರ ಮಾತು ಮೀರೋಕಾಗುತ್ತಾ? ನಾನು ಅಂಥೋನಲ್ಲ."

ಅವರ ತಾಯಿ ಮಹದೇವಮ್ಮ ಒಳಕೋಣೆಯಲ್ಲಿ ಮಲಗಿದ್ದರು. ನನಗೆ ಹನ್ನೊಂದು ವರ್ಷವಿದ್ದಾಗ ಒಂದು ಮಧ್ಯಾಹ್ನ ಅವ್ವನ ಜೊತೆ ಈ ಹಿತ್ತಿಲಿಗೆ ಬಂದಿದ್ದೆ. ನೀರು ಕೇಳಿದೆ. ಮಹದೇವಮ್ಮ ಬೊಗಸೆ ಹಿಡಿಯಲು ಹೇಳಿ, ಒಂದು ಮಾರು ದೂರದಿಂದ ಚೊಂಬಿನಲ್ಲಿ ಸುರಿದರು. ಅರ್ಧ ನೀರು ನನ್ನ ಲಂಗದ ಮೇಲೆ ಬಿತ್ತು. ಆಮೇಲೆ ನಾನು ಈ ಕಡೆ ತಲೆ ಹಾಕಲಿಲ್ಲ.

ಈಗ ಮೈಸೂರಿನಲ್ಲಿ ಇಂಥದೇ ಬೋಗುಣಿಗಳ ನಡುವೆ ದಿನ ಕಳೆಯುತ್ತೇನೆ. ಕೆಳಗೆ ಮೆತ್ತೆ ಹಾಸಿ, ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಎತ್ತುತ್ತೇನೆ. ನನ್ನ ಅವ್ವ ಅದರಲ್ಲಿ ಮುದ್ದೆ ಮುರಿದುಕೊಂಡು ಉಂಡು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದಳು. ನಗಬೇಕೋ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ಗೊತ್ತಾಗಲಿಲ್ಲ.

"ಬೆಲೆ ಹದಿನೆಂಟು ಲಕ್ಷ ಅಂತ ತಿಳಿದ ಮೇಲೆ ಏನಾಯ್ತು ಹೇಳಿ ಸಾಹುಕಾರ್ರೇ," ಎಂದೆ. "ಗಂಜಳ ಚಿಮುಕಿಸಿದ್ರಿ. ಅರಿಶಿನದ ನೀರಲ್ಲಿ ಅದ್ದಿದ್ರಿ. ಶೋಕೇಸಿನಲ್ಲಿಟ್ಟು ಬೀಗ ಹಾಕಿದ್ರಿ. ಇಪ್ಪತ್ತೆರಡು ವರ್ಷದ ಮೈಲಿಗೆ ಅರ್ಧ ಚೊಂಬು ಗಂಜಳಕ್ಕೆ ಹೋಯ್ತಾ? ಅವ್ವನ ಮೇಲೂ ಅಷ್ಟು ಚಿಮುಕಿಸಿ ಒಳಗೆ ಕರೀಬಹುದಿತ್ತಲ್ಲ!"

"ಧನೂ," ಹೊರಗಿನಿಂದ ಅವ್ವ ಎಂದಳು. "ಸಾಕು ಸುಮ್ಕಿರು."

"ನೀನು ಸುಮ್ನಿದ್ದಿದ್ದಕ್ಕೇ ಇಲ್ಲಿಗೆ ಬಂದು ನಿಂತಿರೋದು! ಹೇಳವ್ವ, ಆ ಬೋಗುಣಿ ತಳದಲ್ಲಿ ಏನಿತ್ತು?"

ಅವ್ವ ಸೆರಗು ಸರಿ ಮಾಡಿಕೊಂಡಳು. "ಎರಡು ಬಳೆ ಇದ್ವು. ನೀಲಿವು. ಒಂದ್ರೊಳಗೊಂದು."

"ಬಳೆ ಒಳಗೆ?"

"ಏನೂ ಇರ್ಲಿಲ್ಲ. ಖಾಲಿ."

"ಓದೋಕೆ ಬರದೋಳಿಗೆ ಅಕ್ಷರ ಹೆಂಗೆ ಗೊತ್ತಾಗುತ್ತೆ?" ಸಿದ್ದಬಸಪ್ಪ ಮೂಗು ಮುರಿದರು.

"ಓದಕ್ಕೆ ಬರಾಕಿಲ್ಲ ಬುದ್ಧಿ, ದಿಟ," ಎಂದಳು ಅವ್ವ. "ಐತೋ ಇಲ್ವೋ ಅನ್ನೋದು ಕಾಣಾಕಿಲ್ವಾ?"

ಅವ್ವ ಪುಸ್ತಕ ಓದಿದವಳಲ್ಲ. ಬಳೆ ಒಳಗೆ ಖಾಲಿ ಎಂಬ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲು ಸಾಧ್ಯವಿಲ್ಲ.

"ಮೇಡಂ, ಬರ್ಕೊಳ್ಳಿ," ಎಂದೆ. "ಕಾಂಗ್‌ಶಿ ಪಟ್ಟಕ್ಕೆ ಬಂದು ಹದಿನೈದು ವರ್ಷ ಆದ ಮೇಲೆ, ಪಿಂಗಾಣಿ ಮಾಡೋ ಊರಿನ ಅಧಿಕಾರಿ ಒಂದು ಹುಕುಂ ಹೊರಡಿಸಿದ. ದೊರೆ ಹೆಸರು ಪಾತ್ರೆಗಳ ಮೇಲೆ ಬರೀಬೇಡಿ, ಒಡೆದು ಚೂರಾದ್ರೆ ದೊರೆ ಹೆಸರು ಜನರ ಕಾಲಡಿಗೆ ಬೀಳುತ್ತೆ ಅಂತ. ಕೆಲಸಗಾರರು ಉಂಗುರ ಬರೆಯೋದು ಬಿಡ್ಲಿಲ್ಲ, ಹೆಸರು ಬರೆಯೋದು ಬಿಟ್ರು. ಒಳಗೆ ಎಲೆನೋ ಹೂವೋ ಬರೆದ್ರು, ಇಲ್ಲಾ ಖಾಲಿ ಬಿಟ್ರು. ಖಾಲಿ ಉಂಗುರ ಇರೋ ಬೋಗುಣಿ ಆ ಕಾಲದ್ದೇ ಆಗಿರೋಕೆ ಸಾಧ್ಯ ಇದೆ. ಪಾದವೂ ಸರಿಯಿದ್ರೆ ಅನುಮಾನವೇ ಬೇಡ."

"ಅಂದ್ರೆ?"

"ಅಂದ್ರೆ ಆರು ಅಕ್ಷರ ಇತ್ತು ಅಂತ ಇವರಿಗೆ ಹೇಳಿದವನು ನಕಲಿಯನ್ನ ನೋಡಿದ್ದಾನೆ. ಅಸಲಿಯ ತಳ ಅವನು ನೋಡೇ ಇಲ್ಲ. ಹೇಳಿದವರು ಯಾರು ಸಾಹುಕಾರ್ರೇ?"

ಸಿದ್ದಬಸಪ್ಪ ಬಾಗಿಲ ಕಡೆ ನೋಡಿದರು. ಪೊಲೀಸ್ ಜೀಪು ಆಗ ತಾನೇ ಅಂಗಳದಲ್ಲಿ ನಿಂತಿತ್ತು. ಕಾನ್‌ಸ್ಟೆಬಲ್ ಹಿಂದೆ ಇಳಿದು ಬಂದವನು ಲಕ್ಷ್ಮೀಶ.

ಹಳೇಬೀಡಿನ ದೇವಸ್ಥಾನದ ರಸ್ತೆಯಲ್ಲಿ ಅವನದೊಂದು ಅಂಗಡಿ. ಮುಂದೆ ಪ್ರವಾಸಿಗಳಿಗೆ ಕಲ್ಲಿನ ಗಣಪತಿ, ಹಿಂದೆ ಹಳೇ ಮನೆಗಳ ಕಂಬ, ಹಿತ್ತಾಳೆ, ಗಡಿಯಾರ. ನಿನ್ನೆ ನಾನು ಅಲ್ಲಿಗೆ ಹೋದಾಗ ಬಾಗಿಲು ಹಾಕಿತ್ತು. ಬಸ್ತಿಹಳ್ಳಿಗೆ ಗಿರಾಕಿ ಕರ್ಕೊಂಡು ಹೋಗಿದ್ದಾರೆ ಎಂದರು. ಬಸ್ತಿಹಳ್ಳಿಯಲ್ಲಿ ಕೇಳಿದರೆ ಬೇಲೂರಿಗೆ ಹೋದರು ಎಂದರು. ಬೇಲೂರಿನಲ್ಲಿ ಕೇಳಿದರೆ ಯಾರೂ ಏನೂ ಹೇಳಲಿಲ್ಲ. ಬಿಸಿಲಲ್ಲಿ ನನ್ನನ್ನು ಮೂರು ಬಸ್ಸು ಹತ್ತಿಳಿಸಿದ ಆ ಮನುಷ್ಯ ಇಸ್ತ್ರಿ ಮಡಿಕೆ ಮುರಿಯದ ಅಂಗಿಯಲ್ಲಿ ಬಂದು ನಿಂತ.

"ನಮಸ್ಕಾರ ಮೇಡಂ. ಇಪ್ಪತ್ತೈದು ವರ್ಷದಿಂದ ಆಂಟಿಕ್ ಫೀಲ್ಡಿನಲ್ಲಿದ್ದೀನಿ. ಪೊಲೀಸ್ ಜೀಪು ಹತ್ತಿದ್ದು ಇದೇ ಮೊದಲು."

"ಕೊನೇದಲ್ಲ ಬಿಡಿ," ಎಂದೆ.

"ಈಯಮ್ಮ ಯಾರು?"

"ಬೋಗುಣಿ ತೊಳೆದೋಳ ಮಗಳು. ಸಾಹುಕಾರ್ರು ದೂರಿನ ಜೊತೆ ಕೊಟ್ಟಿರೋ ಈ ಸರ್ಟಿಫಿಕೇಟು ನೀವೇ ಬರೆದದ್ದಾ?"

ಕಾಗದ ನೋಡಿ ಅವನ ಮುಖ ಅರಳಿತು. ಬಂಗಾರದ ಅಂಚಿನ ದಪ್ಪ ಕಾಗದ, ಕೆಳಗೆ ಅವನ ರುಜು. "ನಾನೇ."

"ಏಪ್ರಿಲ್ ಹದಿನಾಲ್ಕು. 'ವಸ್ತುವನ್ನು ಖುದ್ದಾಗಿ ಪರೀಕ್ಷಿಸಿ, ಕಾಂಗ್‌ಶಿ ಕಾಲದ್ದೆಂದು ದೃಢೀಕರಿಸುತ್ತೇನೆ.' ಹೌದಾ?"

"ಮುದ್ರೆ ಕ್ಲಿಯರ್ ಆಗಿದೆಯಲ್ಲ. ಆರಕ್ಷರ. ಚಾರ್ಟ್ ಇಟ್ಕೊಂಡು ಒಂದೊಂದೇ ತಾಳೆ ಹಾಕಿದ್ದೀನಿ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಸರ್ಟಿಫಿಕೇಟಿನಲ್ಲಿ ಎರಡು ಫೋಟೋ ಅಚ್ಚಾಗಿದ್ದವು. ನಾನು ಎರಡರ ಮೇಲೂ ಬೆರಳಿಟ್ಟೆ.

"ಮೊದಲನೇದು. ಹಿತ್ತಿಲ ಗೂಡಿನಲ್ಲಿ ಬೋರಲು ಹಾಕಿದ ಬೋಗುಣಿ, ಪಕ್ಕದಿಂದ ತೆಗೆದದ್ದು. ಪಾದದ ಅಂಚು ನೋಡಿ. ಏನು ಬಣ್ಣ?"

ಅವನು ಕನ್ನಡಕ ಏರಿಸಿದ. "ಕಂದು."

"ಬೆಲ್ಲದ ಬಣ್ಣ. ಎರಡನೇದು, ತಳದ ಫೋಟೋ. ಆರು ಅಕ್ಷರ. ಪಾದ ಏನು ಬಣ್ಣ?"

"ಬಿಳಿ... ಅದು ಬೆಳಕಿಗೆ ಹಂಗೆ ಕಾಣುತ್ತೆ."

"ಬೆಳಕಿಗೆ ಬೆಲ್ಲ ಸುಣ್ಣ ಆಗುತ್ತೇನ್ರೀ?" ನನ್ನ ದನಿ ಏರಿತು. "ಒಂದೇ ಕಾಗದ, ಒಂದೇ ತಾರೀಕು, ಎರಡು ಬೋಗುಣಿ! ಮೊದಲನೇದು ಅಸಲಿ. ಎರಡನೇದು ಇಗೋ, ನಮ್ಮ ಮುಂದೆ ಟೀಪಾಯಿ ಮೇಲಿದೆ. ಎರಡೂ ಒಂದೇ ದಿನ ನಿಮ್ಮ ಕಣ್ಣಿಗೆ ಬಿದ್ದಿದ್ದು ಹೆಂಗೆ? ಅದಲು ಬದಲು ಮಾಡಿದ್ದು ಯಾರು?"

"ಏಯ್, ನಾಲಿಗೆ ಮೇಲೆ ಹಿಡಿತ ಇರ್ಲಿ!"

"ಅಸಲಿಯ ತೂಕ ಹೇಳಿ. ಅಂದಾಜು ಸಾಕು."

ಅವನು ಕನ್ನಡಕ ತೆಗೆದು ಒರೆಸತೊಡಗಿದ.

"ಬೆರಳಿನಲ್ಲಿ ತಟ್ಟಿದಾಗ ಸದ್ದು ಹೆಂಗಿತ್ತು? ಪಾದ ನುಣ್ಣಗಿತ್ತಾ, ಒರಟಾ?"

ಅವನು ಸಿದ್ದಬಸಪ್ಪನ ಮುಖ ನೋಡಿದ. ಸಿದ್ದಬಸಪ್ಪ ನೆಲ ನೋಡಿದರು. ನನಗೆ ಆಗ ಹೊಳೆಯಿತು. ಇಷ್ಟು ಹೊತ್ತು ಕಳ್ಳನನ್ನು ಹುಡುಕುತ್ತಿದ್ದ ನನಗೆ ಅದಕ್ಕಿಂತ ಹೊಲಸಾದ ಸಂಗತಿ ಕಾಣಿಸಿತು.

"ನೀವು ಅದನ್ನ ಮುಟ್ಟೇ ಇಲ್ಲ."

"ಅದು ಹಂಗಲ್ಲ..."

"ಖುದ್ದಾಗಿ ಪರೀಕ್ಷಿಸಿ ಅಂತ ಬರೆದು, ಒಂದು ಬೆರಳೂ ತಾಗಿಸಿಲ್ಲ! ಯಾಕೆ? ನಿಮ್ಮ ಬಾಯಲ್ಲೇ ಹೇಳಿ. ಮೇಡಂ ಬರ್ಕೊಳ್ತಾರೆ."

"ಅದ್ರಲ್ಲಿ... ಇವರು ಊಟ ಮಾಡ್ತಿದ್ರು ಅಂತ ಹೇಳಿದ್ರು." ಅವನು ಜಗಲಿಯ ಕಡೆ ಗಲ್ಲ ತೋರಿಸಿದ. "ಆಮೇಲೆ ಶುದ್ಧ ಮಾಡಿಸ್ತೀವಿ ಅಂದಿದ್ರು ಸಾಹುಕಾರ್ರು. ಸುಮ್ನೆ ಯಾಕೆ ಅಂತ..."

"ಥೂ ನಿಮ್ಮ!" ನಾನು ಟೀಪಾಯಿಗೆ ಗುದ್ದಿದೆ. ನಕಲಿ ಬೋಗುಣಿ ಎಗರಿ ಕೂತಿತು. "ಕಣ್ಣು ಮುಚ್ಚಿ ಬರೀ ಕೈಯಲ್ಲಿ ಸವರಿದ್ರೆ ಹೇಳಬಹುದಿತ್ತು ಕಣ್ರೀ, ಇದು ಹೊಸದು ಅಂತ! ಚೆನ್ನೈಯೋನು ಒಂದು ನಿಮಿಷದಲ್ಲಿ ಹೇಳಿದ, ಯಾಕಂದ್ರೆ ಅವನು ಮುಟ್ಟಿದ. ಮುಟ್ಟೋಕೆ ಅಸಹ್ಯಪಟ್ಟು ಸುಳ್ಳು ಕಾಗದ ಬರೆದೋರು ನೀವು. ಮುಟ್ಟದೆ ದೂರು ಕೊಟ್ಟೋರು ಇವರು. ಜೈಲಿಗೆ ಹೋಗಬೇಕಾದವಳು ಮುಟ್ಟಿ ತೊಳೆದ ನಮ್ಮ ಅವ್ವನಾ? ಯಾವ ಊರ ನ್ಯಾಯಾನ್ರೀ ಇದು?"

ಹೇಮಲತಾ ನನ್ನನ್ನು ತಡೆಯಲಿಲ್ಲ. "ಲಕ್ಷ್ಮೀಶ," ಎಂದರು, ಇಲ್ಲಿಯವರೆಗಿನ ಮರ್ಯಾದೆಯ ದನಿ ಬಿಟ್ಟು. "ಎರಡು ಫೋಟೋ, ಒಂದು ತಾರೀಕು. ಹೇಗೆ?"

ಮೂಲೆಗೆ ಬಿದ್ದ ಬೆಕ್ಕು ಪರಚುತ್ತದೆ. ಲಕ್ಷ್ಮೀಶನೂ ತಲೆಯೆತ್ತಿದ.

"ಒಂದು ದಿನ ತೆಗೆದದ್ದಲ್ಲ ಮೇಡಂ. ಮೊದಲನೇದು ಹತ್ತನೇ ತಾರೀಕು. ಕಂಬ ನೋಡೋಕೆ ಅಂತ ಬಂದೋನು ಹಿತ್ತಿಲಲ್ಲಿ ಬೋಗುಣಿ ನೋಡಿದೆ. ಚೆನ್ನೈಗೆ ಫೋಟೋ ಕಳಿಸಿದೆ. ಹದಿನೆಂಟು ಲಕ್ಷ ಬಾಳುತ್ತೆ, ತಳದ ಫೋಟೋ ಬೇಕು ಅಂದ್ರು. ಸಾಹುಕಾರ್ರಿಗೂ ತಿಳಿಸಿದೆ. ಹದಿನಾಲ್ಕಕ್ಕೆ ಬಂದು ಅದನ್ನ ತೆಗೆದೆ. ಆವಾಗ್ಲೂ ಅದು ಹಿತ್ತಿಲಲ್ಲೇ ಇತ್ತು, ಇನ್ನೂ ಒಳಗೆ ತಂದಿರ್ಲಿಲ್ಲ. ಕಾಗದದಲ್ಲಿ ಒಂದೇ ತಾರೀಕು ಹಾಕಿದ್ದು ನನ್ನ ತಪ್ಪು. ಮುಟ್ಟದೆ ಬರೆದದ್ದೂ ತಪ್ಪು. ಬದಲಾಗಿದ್ರೆ ಆ ನಾಲ್ಕು ದಿನದಲ್ಲಿ ಬದಲಾಗಿದೆ. ನಾನು ಹಳೇಬೀಡಲ್ಲಿದ್ದೆ."

"ಹೇಳ್ತೀರಿ ಬಿಡಿ, ಬಾಯಿಗೆ ಬಂದಿದ್ದು."

"ನಿಲ್ಲಮ್ಮ, ನಿನ್ನ ಮಾತನ್ನೇ ಹಿಡಿ." ಅವನು ನನ್ನ ಕಡೆ ತಿರುಗಿದ. "ಈ ಮನೆಯೋರು ಯಾರೂ ಅದನ್ನ ಮುಟ್ಟಲ್ಲ ಅಂತ ನೀನೇ ಹೇಳ್ದೆ. ನಾನೂ ಮುಟ್ಟಿಲ್ಲ ಅಂತ ನೀನೇ ಬಾಯಿ ಬಿಡಿಸ್ದೆ. ಹಂಗಾದ್ರೆ ಆವತ್ತು ತಳ ತೋರಿಸೋಕೆ ಅದನ್ನ ಕೈಯಲ್ಲಿ ಹಿಡ್ಕೊಂಡು ನಿಂತಿದ್ದು ಯಾರು?"

ಅವನು ಮೊಬೈಲ್ ತೆಗೆದು ಮುಂದೆ ಚಾಚಿದ. ಕಾಗದದಲ್ಲಿ ಅಚ್ಚಾದ ಫೋಟೋದ ಅಂಚು ಕತ್ತರಿಸಿದ್ದರು. ಮೊಬೈಲಿನಲ್ಲಿ ಅದು ಪೂರ್ತಿ ಇತ್ತು. ಬೋಗುಣಿಯ ಎರಡು ಕಡೆ ಎರಡು ಕೈ.

ಸೋಪಿನ ನೀರಿಗೆ ಸವೆದ ಬೆರಳು. ಎಡಗೈ ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಚುಕ್ಕಿಯ ಹಸಿರು ಹಚ್ಚೆ. ಆ ಚುಕ್ಕಿಗಳ ಮೇಲೆ ಬೆರಳಿಟ್ಟು ನಾನು ಒಂದು, ಎರಡು ಎಣಿಸಲು ಕಲಿತಿದ್ದೆ.

ಫೋಟೋದಲ್ಲಿ ಆರು ಅಕ್ಷರಗಳು ಆ ಕೈಗಳ ನಡುವೆ ಎದ್ದು ಕಾಣುತ್ತಿದ್ದವು. ಐತೋ ಇಲ್ವೋ ಕಾಣಾಕಿಲ್ವಾ ಎಂದು ಕೇಳಿದವಳು ಅದೇ ಅಕ್ಷರಗಳನ್ನು ಕ್ಯಾಮೆರಾದ ಮುಂದೆ ಹಿಡಿದು ನಿಂತಿದ್ದಳು.

"ಅವ್ವ," ಎಂದೆ. "ಇದು ನಿನ್ನ ಕೈ."

"ಹೂಂ ಮಗ. ನಂದೇ."

"ಆವತ್ತು ಹಿಡಿದದ್ದು ಬೇರೆ ಬೋಗುಣಿ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ದಿನಾ ಉಣ್ಣೋಳಿಗೆ ಕೈಗೆ ತಗಂಡ್ರೆ ಗೊತ್ತಾಗಾಕಿಲ್ವಾ?"

"ಮತ್ತೆ ಯಾಕವ್ವ ಹೇಳಲಿಲ್ಲ?"

"ಯಾರು ಕೇಳಿದ್ರು? ಬೋರಲು ಹಿಡಿ ಅಂದ್ರು, ಹಿಡಿದೆ."

ಇಡೀ ಬೆಳಿಗ್ಗೆ ಮನೆ ಹಾರಿಹೋಗುವಂತೆ ಕೂಗಾಡಿದ್ದೆ. ನನ್ನ ಕೆಲಸ, ನನ್ನ ಹೆಸರು, ಎಲ್ಲವನ್ನೂ ಅವಳ ಒಂದು ಮಾತಿನ ಮೇಲೆ ಪಣಕ್ಕಿಟ್ಟಿದ್ದೆ. ಅವಳು ಜಗಲಿಯ ಮೇಲೆ ಕೂತು ನೋಡುತ್ತಿದ್ದಳು. ನನಗೆ ಅವ್ವನ ಮೇಲೆ ಅಂಥ ಸಿಟ್ಟು ಯಾವತ್ತೂ ಬಂದಿರಲಿಲ್ಲ.

"ನನ್ನ ಹತ್ರನಾದ್ರೂ ಹೇಳಬೇಡ್ವಾ? ಇವರ ಮುಂದೆ ನನ್ನನ್ನ ಹುಚ್ಚಿ ಮಾಡಿ ಕೂರಿಸಿದೆಯಲ್ಲ!"

ಸಿದ್ದಬಸಪ್ಪ ಎದ್ದು ನಿಂತಿದ್ದರು. ಮುಖಕ್ಕೆ ರಂಗು ವಾಪಸು ಬಂದಿತ್ತು. "ಆಯ್ತಲ್ಲ ಮೇಡಂ? ಕಳ್ಳಿ ಯಾರು ಅಂತ ಮಗಳೇ ತೋರಿಸಿಕೊಟ್ಲು. ಜೀಪು ಹತ್ತಿಸಿ."

ಅವ್ವ ಎದ್ದಳು. ಮೊಣಕಾಲಿಗೆ ಕೈ ಊರಿ, ಹೊಸ್ತಿಲು ದಾಟಿ, ನಡುಮನೆಗೆ ಬಂದು ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಈ ನೆಲ ತುಳಿದದ್ದು ಅದೇ ಮೊದಲು. ಸಿದ್ದಬಸಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ಬುದ್ಧಿ, ಒಂದು ಮಾತು ಕೇಳ್ತೀನಿ," ಎಂದಳು. ದನಿ ಏರಲಿಲ್ಲ. "ಈ ಮನೇಲಿ ಅದ್ನ ಏನಂತ ಕರೀತಿದ್ರಿ?"

"ಏನು ಕರೆಯೋದು? ಬೋಗುಣಿ."

"ಅಲ್ಲ. ಲಕ್ಕಿ ಬೋಗುಣಿ ಅಂತಿದ್ರಿ. ನಿಮ್ಮ ಮಕ್ಳು ಚಿಕ್ಕೋರಿದ್ದಾಗ ಆಟಕ್ಕೆ ಮುಟ್ಟೋಕೆ ಹೋದ್ರೆ ಕೈ ಮೇಲೆ ಹೊಡೆದು, 'ಅದು ಲಕ್ಕೀದು ಕಣೋ, ಬುಡು' ಅಂತಿದ್ರಿ. ನಾಯಿ ಮೂಸಿದ್ರೆ 'ಲಕ್ಕಿ, ನಿನ್ನ ಬೋಗುಣಿ ನೋಡ್ಕೋ' ಅಂತ ಕೂಗ್ತಿದ್ರಿ. ಇಪ್ಪತ್ತೆರಡು ವರ್ಸ ಅದು ನಂದಾಗಿತ್ತು. ಬೆಲೆ ಗೊತ್ತಾದ ದಿನ ನಿಮ್ದು ಹೆಂಗಾಯ್ತು?"

ಸಿದ್ದಬಸಪ್ಪ ಮತ್ತೆ ಸೋಫಾದ ಮೇಲೆ ಕುಸಿದರು.

"ನಾನು ಕದ್ದಿಲ್ಲ. ನಂದನ್ನ ನಾನು ಎತ್ತಿಟ್ಟಿದ್ದೀನಿ." ಅವ್ವ ಹೇಮಲತಾ ಕಡೆ ತಿರುಗಿದಳು. "ಬರ್ಕಳ್ರವ್ವ. ಹಂಗೇ ಬರ್ಕಳಿ."

ಅವಳಿಗೆ ಕೋಪ ಬರುವುದೇ ಇಲ್ಲ ಎಂದು ಮೂವತ್ತು ವರ್ಷ ತಿಳಿದುಕೊಂಡಿದ್ದೆನಲ್ಲ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

"ಲಕ್ಕಮ್ಮ, ಯೋಚನೆ ಮಾಡಿ ಮಾತಾಡಿ," ಹೇಮಲತಾ ಪೆನ್ನು ಕೆಳಗಿಟ್ಟರು. "ಯಾರದು ಅನ್ನೋದನ್ನ ಕೋರ್ಟು ಹೇಳಲಿ. ಈಗ ನನಗೆ ಎರಡು ಗೊತ್ತಾಗಬೇಕು. ಅಸಲಿ ಎಲ್ಲಿದೆ? ಈ ನಕಲೀನ ನಿಮಗೆ ತಂದುಕೊಟ್ಟವರು ಯಾರು? ಇಂಥದು ಸಂತೆಯಲ್ಲಿ ಸಿಗಲ್ಲ. ಅದೇ ಅಳತೆ, ಅದೇ ಬಳ್ಳಿ. ನಾಲ್ಕೇ ದಿನದಲ್ಲಿ. ನಿಮ್ಮೊಬ್ಬರಿಂದ ಆಗೋ ಕೆಲಸ ಅಲ್ಲ. ನಿಮ್ಮ ಮಗಳಾ?"

"ಅಯ್ಯೋ, ಅವಳಲ್ಲ! ಅವಳಿಗೇನೂ ಗೊತ್ತಿಲ್ಲ."

"ಹಾಗಾದ್ರೆ ಹೆಸರು ಹೇಳಿ. ಹೇಳದಿದ್ರೆ ನಿಮ್ಮ ಜೊತೆ ಧನುಶ್ರೀನೂ ಜೀಪು ಹತ್ತಬೇಕಾಗುತ್ತೆ."

ಅವ್ವ ನನ್ನನ್ನು ನೋಡಿದಳು. ಆ ಮೇಲೆ ತುಟಿ ಒದ್ದೆ ಮಾಡಿಕೊಂಡು, ಹೇಳುವುದಕ್ಕೆ ಉಸಿರು ಎಳೆದುಕೊಂಡಳು.

"ಲಕ್ಕೀ!"

ಒಳಕೋಣೆಯ ಬಾಗಿಲು ಗೋಡೆಗೆ ಬಡಿಯಿತು. ಚೌಕಟ್ಟು ಹಿಡಿದು ಮಹದೇವಮ್ಮ ನಿಂತಿದ್ದರು. ಹಣೆಯ ವಿಭೂತಿ ಬೆವರಿಗೆ ಕಲಸಿಹೋಗಿತ್ತು. ಮಗನ ಕಡೆಯಾಗಲಿ ಪೊಲೀಸರ ಕಡೆಯಾಗಲಿ ಅವರು ನೋಡಲಿಲ್ಲ. ನೋಡುತ್ತಿದ್ದದ್ದು ಅವ್ವನನ್ನು ಮಾತ್ರ.

"ಹೇಳಬ್ಯಾಡ ಕಣೇ!" ಎಂದರು ಆ ಮುದುಕಿ. "ನಿನ್ನ ಬೋಗುಣಿ ನಿನಗೇ ಉಳೀಲಿ ಅಂತ ನಾವಿಬ್ರೂ ಮಾಡಿದ್ದು ನಮ್ಮಿಬ್ರಲ್ಲೇ ಇರ್ಲಿ. ನನ್ನಾಣೆ ಐತೆ!"